ವಿದ್ಯೆಯ ಮುಯ್ಯಿ: ವಿಜ್ಞಾನಿಗಳು ಹಳ್ಳಿಗೆ ಕೊಟ್ಟ ವೇಳೆ

ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೋಗುವ ದಾರಿಯಲ್ಲಿ ಸವಳಂಗ ಎಂಬ ಊರಿದೆ. ಹಿಂದೆ ಹೊನ್ನಾಳಿ ತಾಲ್ಲೂಕಿನಲ್ಲಿದ್ದ ಈ ಊರು ಈಗ ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿಗೆ ಸೇರಿದೆ. ಈ ದಾರಿಯಲ್ಲಿ ಪ್ರಯಾಣ ಮಾಡಿದವರಿಗೆ ಊರಿಗಿಂತ ಹೆಚ್ಚಾಗಿ ನೆನಪಿನಲ್ಲಿ ಉಳಿಯುವುದು ಅಲ್ಲಿನ ಕೆರೆ. ಒಳ್ಳೆಯ ಮಳೆಗಾಲ ಕಳೆದ ಮೇಲೆ ಅದರ ನೀರಿನ ಹರವನ್ನು ನೋಡಿದರೆ ಇದು ಪ್ರಕೃತಿಯೇ ಮಾಡಿಟ್ಟ ಸರೋವರವೆಂದು ಭ್ರಮೆಯಾಗುವುದು ಸಹಜ. ಆದರೆ ನಮ್ಮ ನಾಡಿನ ಕೆರೆಗಳು ಮನುಷ್ಯರು ಕಟ್ಟಿದವು. ಸವಳಂಗದ ಕೆರೆಯಾಗಲಿ, ನೆರೆಯ ಚನ್ನಗಿರಿ ತಾಲ್ಲೂಕಿನಲ್ಲಿರುವ ವಿಸ್ತಾರವಾದ ಸೂಳೆಕೆರೆಯಾಗಲಿ, ಮಣ್ಣು ಹೊತ್ತವರ ಬೆವರಿನಿಂದ ಮಾತ್ರ ಆಗುವಂಥವಲ್ಲ. ಏರಿಯನ್ನು ಎಲ್ಲಿ ಹಾಕಿದರೆ ಕಡಮೆ ಮಣ್ಣಿನಿಂದ ಹೆಚ್ಚು ನೀರು ನಿಲ್ಲುತ್ತದೆ, ತೂಬನ್ನು ಯಾವ ಮಟ್ಟದಲ್ಲಿ ಇಡಬೇಕು, ಹೆಚ್ಚಿನ ನೀರು ಏರಿಯನ್ನು ಒಡೆಯದಂತೆ ಕೋಡಿಯನ್ನು ಎಷ್ಟು ಅಗಲವಾಗಿ ಬಿಡಬೇಕು, ಇವುಗಳನ್ನು ಅರಿತವನೊಬ್ಬ ಅಲ್ಲಿ ಇರಲೇಬೇಕು. ನೂರಾರು ಜನರ ತೋಳುಬಲಕ್ಕೆ ಒಬ್ಬಿಬ್ಬರ ವಿದ್ಯೆ ಕೂಡಿದಾಗ ಕೆರೆಯೊಂದು ಹುಟ್ಟುತ್ತದೆ.

ಕೂಲಿಯಿಲ್ಲದೆ ಮಾಡುವ ದುಡಿಮೆಗೆ ನಮ್ಮ ಭಾಷೆಯಲ್ಲಿ ಹಲವು ಹೆಸರುಗಳುಂಟು. ಬಲವಂತದಿಂದ ಮಾಡಿಸಿಕೊಂಡದ್ದು ಬಿಟ್ಟಿ. ತಾನಾಗಿಯೇ ಕೊಟ್ಟದ್ದು ಶ್ರಮದಾನ. ಇವೆರಡರ ನಡುವೆ ಮುಯ್ಯಿ ಎಂಬುದೊಂದಿದೆ. ಈ ದಿನ ನಿನ್ನ ಗದ್ದೆಯ ನಾಟಿಗೆ ನಾನು ಬರುತ್ತೇನೆ, ನಾಳೆ ನನ್ನ ಗದ್ದೆಗೆ ನೀನು ಬರಬೇಕು. ಹಾಗೆ ಬಂದವನು ಮುಯ್ಯಾಳು. ಇದರಲ್ಲಿ ಹಣದ ಮಾತಿಲ್ಲ. ಆದರೆ ಕೊಡುವವನು ದೊಡ್ಡವನು, ತೆಗೆದುಕೊಳ್ಳುವವನು ಚಿಕ್ಕವನು ಎಂಬ ಭೇದವೂ ಇಲ್ಲ.

ವೈದ್ಯರು, ಇಂಜಿನಿಯರುಗಳು, ರಸಾಯನ ಶಾಸ್ತ್ರಜ್ಞರು, ಅಧ್ಯಾಪಕರು, ಲೆಕ್ಕಪತ್ರ ಬಲ್ಲವರು, ಇಂಥ ವೃತ್ತಿವಂತರು ತಮ್ಮ ವಿದ್ಯೆಯನ್ನೂ ವೇಳೆಯನ್ನೂ ಸಂಭಾವನೆಯಿಲ್ಲದೆ ಲೋಕದ ಏಳಿಗೆಗೆ ಕೊಡುವುದು ಇಂದು ಪ್ರಪಂಚದಾದ್ಯಂತ ಕಂಡುಬರುತ್ತಿದೆ. ಹೀಗೆ ಕೊಟ್ಟದ್ದು ದಾನವೋ ಮುಯ್ಯಿಯೋ? ಈ ಪ್ರಶ್ನೆಗೆ ಕರ್ನಾಟಕದಲ್ಲಿಯೇ ನಡೆದ ಪ್ರಯೋಗವೊಂದು ಉತ್ತರವನ್ನು ಕೊಡುತ್ತದೆ. ಅದನ್ನು ವಿವರವಾಗಿ ಪರಿಶೀಲಿಸೋಣ.

ಬಾಳಿಕೆ ಬರುವ ಅಭಿವೃದ್ಧಿ

ಮೊದಲು ಪ್ರಪಂಚದ ಸಂಗತಿಯನ್ನು ಸಂಕ್ಷೇಪವಾಗಿ ನೋಡಬಹುದು. 1970ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಸ್ವಯಂಸೇವಕರ ಒಂದು ಸಂಘಟನೆಗೆ ಒಪ್ಪಿಗೆಯಿತ್ತಿತು. ನುರಿತ ಕಸುಬುದಾರರೂ ತಜ್ಞರೂ ಬೇರೆ ಬೇರೆ ದೇಶಗಳಿಗೆ ಹೋಗಿ ಕೆಲಸ ಮಾಡಲು ಇದರಿಂದ ಅವಕಾಶವಾಯಿತು. 1985ರಲ್ಲಿ ಅದೇ ಸಭೆ ಡಿಸೆಂಬರ್ 5ನೆಯ ದಿನವನ್ನು ಸ್ವಯಂಸೇವಕರ ದಿನವನ್ನಾಗಿ ಆಚರಿಸಬೇಕೆಂದು ಕರೆಕೊಟ್ಟಿತು. 1987ರಲ್ಲಿ ನಾರ್ವೆ ದೇಶದ ಬ್ರುಂಟ್‌ಲಾಂಡ್ ಅವರ ಅಧ್ಯಕ್ಷತೆಯ ಆಯೋಗವು ‘ಸುಸ್ಥಿರ ಅಭಿವೃದ್ಧಿ’ ಎಂಬ ಕಲ್ಪನೆಯನ್ನು ಜಗತ್ತಿನ ಮುಂದಿಟ್ಟಿತು. 2015ರಲ್ಲಿ ಎಲ್ಲ ರಾಷ್ಟ್ರಗಳೂ ಸೇರಿ, 2030ರೊಳಗೆ ಸಾಧಿಸಬೇಕಾದ 17 ಗುರಿಗಳನ್ನು ಗೊತ್ತುಮಾಡಿಕೊಂಡವು.

ಸುಸ್ಥಿರ ಅಭಿವೃದ್ಧಿಯೆಂದರೇನು? ಕೆರೆಯ ಉದಾಹರಣೆಯಿಂದಲೇ ಇದನ್ನು ತಿಳಿಯಬಹುದು. ಕೆರೆಯ ನೀರನ್ನು ಉಪಯೋಗಿಸಿಕೊಳ್ಳದೆ ಬಿಟ್ಟರೆ ಗದ್ದೆ ಒಣಗುತ್ತದೆ, ಜನ ಹಸಿಯುತ್ತಾರೆ. ನೀರನ್ನು ಮಾತ್ರ ಉಪಯೋಗಿಸಿಕೊಂಡು, ವರ್ಷ ವರ್ಷವೂ ತುಂಬುವ ಹೂಳನ್ನು ಎತ್ತದೆ ಬಿಟ್ಟರೆ ಮೊಮ್ಮಕ್ಕಳ ಕಾಲಕ್ಕೆ ಕೆರೆಯೇ ಇರುವುದಿಲ್ಲ. ಇಂದಿನವರ ಅಗತ್ಯವೂ ನೀಗಬೇಕು, ಮುಂದಿನವರ ಪಾಲೂ ಉಳಿಯಬೇಕು. ಇದೇ ಆ ಕಲ್ಪನೆಯ ತಿರುಳು.

ರಸಾಯನ ಶಾಸ್ತ್ರಜ್ಞರೊಬ್ಬರು ತಿರುಗಿದ ದಾರಿ

ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರ 1909ರಲ್ಲಿ ಸ್ಥಾಪಿತವಾದದ್ದು. 1966ರಲ್ಲಿ ಅಮೂಲ್ಯ ಕುಮಾರ ನಾರಾಯಣ ರೆಡ್ಡಿಯವರು ಅಲ್ಲಿ ಅಧ್ಯಾಪಕರಾಗಿ ಸೇರಿದರು. 1930ರಲ್ಲಿ ಜನಿಸಿದ ಇವರು ವಿದ್ಯುದ್ರಸಾಯನ ಶಾಸ್ತ್ರದಲ್ಲಿ ಪರಿಣತರು. ಬಾಕ್ರಿಸ್ ಎಂಬ ವಿಜ್ಞಾನಿಯೊಡನೆ ಇವರು ಬರೆದು 1970ರಲ್ಲಿ ಪ್ರಕಟಿಸಿದ ಗ್ರಂಥವು ಜಗತ್ತಿನ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಪಠ್ಯವಾಗಿತ್ತು. ತಮ್ಮ ಶಾಸ್ತ್ರದಲ್ಲಿಯೇ ಮುಂದುವರಿದಿದ್ದರೆ ಕೀರ್ತಿಗೆ ಕೊರತೆಯಿರಲಿಲ್ಲ. ಆದರೆ ಅವರ ಮನಸ್ಸನ್ನು ಬೇರೊಂದು ಪ್ರಶ್ನೆ ಕಾಡತೊಡಗಿತು. ದೇಶದ ಬಹುಪಾಲು ಜನ ಹಳ್ಳಿಗಳಲ್ಲಿದ್ದಾರೆ. ದೇಶದ ಅತ್ಯುತ್ತಮ ಪ್ರಯೋಗಶಾಲೆಗಳಲ್ಲಿ ನಡೆಯುವ ಕೆಲಸಕ್ಕೂ ಅವರ ಬಾಳಿಗೂ ಸಂಬಂಧವೇನು?

ಈ ಪ್ರಶ್ನೆಯ ಫಲವಾಗಿ 1974ರಲ್ಲಿ ಆ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಘಟಕ ಹುಟ್ಟಿತು. ಗ್ರಾಮಾಂತರ ಪ್ರದೇಶಗಳಿಗೆ ವಿಜ್ಞಾನ ತಂತ್ರಜ್ಞಾನಗಳ ಅನ್ವಯ ಎಂಬರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ಈ ಪದ ಬರುತ್ತದೆ. ಆರಂಭದಲ್ಲಿ ಇದು ಉಳಿದವುಗಳಂತೆ ಪ್ರತ್ಯೇಕವಾದ ವಿಭಾಗವಾಗಿರಲಿಲ್ಲ. ಕಟ್ಟಡಶಾಸ್ತ್ರ, ರಸಾಯನಶಾಸ್ತ್ರ, ಯಂತ್ರಶಾಸ್ತ್ರ, ಜೀವಶಾಸ್ತ್ರ ಮುಂತಾದ ಬೇರೆ ಬೇರೆ ವಿಭಾಗಗಳ ಅಧ್ಯಾಪಕರು ತಂತಮ್ಮ ಬೋಧನೆ ಸಂಶೋಧನೆಗಳ ಜೊತೆಗೆ ಈ ಕೆಲಸಕ್ಕೂ ಸ್ವಇಚ್ಛೆಯಿಂದ ವೇಳೆಯನ್ನು ಕೊಡಲು ಮುಂದೆ ಬಂದರು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಎಂಬ ಹಳ್ಳಿಯಲ್ಲಿ ಒಂದು ಕೇಂದ್ರವನ್ನು ತೆರೆದರು. 1975ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯೂ ಇಂಥ ಕೆಲಸಗಳಿಗೆ ಆಸರೆಯಾಯಿತು.

ಮೊದಲು ಅಳತೆ, ಆಮೇಲೆ ಉಪದೇಶ

ಹಳ್ಳಿಗೆ ಬಂದ ಪಟ್ಟಣದವರು ಸಾಮಾನ್ಯವಾಗಿ ಮಾಡುವ ಮೊದಲ ತಪ್ಪು ಉಪದೇಶ. ಅಸ್ತ್ರದವರು ಹಾಗೆ ಮಾಡದೆ ಮೊದಲು ಅಳತೆಗೆ ತೊಡಗಿದರು. ಉಂಗ್ರದ ಸುತ್ತಿನ ಕೆಲವು ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ, ದಿನಕ್ಕೆ ಎಷ್ಟು ಸೌದೆ ಉರಿಯುತ್ತದೆ, ಅದನ್ನು ತರುವವರು ಯಾರು, ನೀರಿಗೆ ಎಷ್ಟು ದೂರ ನಡೆಯುತ್ತಾರೆ, ಎತ್ತುಗಳು ಎಷ್ಟು ಗಂಟೆ ದುಡಿಯುತ್ತವೆ, ದೀಪಕ್ಕೆ ಎಷ್ಟು ಸೀಮೆಎಣ್ಣೆ ಬೇಕು ಎಂಬುದನ್ನೆಲ್ಲ ಲೆಕ್ಕ ಹಾಕಿದರು. ಮನುಷ್ಯನ ದುಡಿಮೆಯನ್ನೂ ಎತ್ತಿನ ದುಡಿಮೆಯನ್ನೂ ಸೌದೆ ವಿದ್ಯುತ್ತುಗಳನ್ನೂ ಶಕ್ತಿಯ ಒಂದೇ ಮಾನಕ್ಕೆ ಇಳಿಸಿ ಕೂಡಿದರು.

ಪುರ ಎಂಬ ಸಣ್ಣ ಹಳ್ಳಿಯಲ್ಲಿ ದೊರೆತ ಫಲಿತಾಂಶವು ಪ್ರಸಿದ್ಧವಾಯಿತು. ಆ ಹಳ್ಳಿ ಬಳಸುತ್ತಿದ್ದ ಶಕ್ತಿಯಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಬರುತ್ತಿದ್ದುದು ಸೌದೆಯಿಂದ. ಅದರಲ್ಲಿ ಬಹುಭಾಗವು ಹಣಕೊಟ್ಟು ಕೊಂಡದ್ದಲ್ಲ. ಆಯ್ದು ತಂದ ಪುಳ್ಳೆ. ಅದು ಉರಿಯುತ್ತಿದ್ದುದು ಮುಖ್ಯವಾಗಿ ಅಡುಗೆಮನೆಯಲ್ಲಿ ಮತ್ತು ಬಚ್ಚಲಿನಲ್ಲಿ. ಇನ್ನು ಮನುಷ್ಯರ ದುಡಿಮೆಯನ್ನು ನೋಡಿದರೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೆಂಗಸರದು. ಮಕ್ಕಳ ಪಾಲೂ ಅಲಕ್ಷಿಸುವಂಥದಾಗಿರಲಿಲ್ಲ.

ಇದು ಸಾಮಾನ್ಯವಾದ ಸಂಗತಿಯೆಂದು ಯಾರಾದರೂ ಹೇಳಬಹುದು. ಆದರೆ ಆ ಕಾಲದಲ್ಲಿ ‘ಶಕ್ತಿಯ ಸಮಸ್ಯೆ’ ಎಂದರೆ ವಿದ್ವಾಂಸರ ಮನಸ್ಸಿಗೆ ಬರುತ್ತಿದ್ದುದು ಎಣ್ಣೆ, ಕಲ್ಲಿದ್ದಲು, ಅಣೆಕಟ್ಟು, ಪರಮಾಣು. ಹಳ್ಳಿಯ ಹೆಂಗಸಿನ ತಲೆಯ ಮೇಲಿದ್ದ ಪುಳ್ಳೆಯ ಹೊರೆ ಯಾವ ಲೆಕ್ಕಪುಸ್ತಕದಲ್ಲಿಯೂ ಕಾಣುತ್ತಿರಲಿಲ್ಲ. ಅದನ್ನು ಅಂಕಿಯಲ್ಲಿ ಬರೆದಾಗಲೇ ದೇಶದ ನಿಜವಾದ ಶಕ್ತಿಯಂತ್ರವು ಒಲೆ ಎಂಬುದು ಸ್ಪಷ್ಟವಾಯಿತು.

ಒಲೆಯ ವಿಜ್ಞಾನ

ಮೂರು ಕಲ್ಲಿನ ಒಲೆಯಲ್ಲಿ ಏನಾಗುತ್ತದೆ ಎಂಬುದನ್ನು ಈಗ ವಿಚಾರಮಾಡೋಣ. ಒಣಗಿದ ಸೌದೆಯ ಒಂದು ಕಿಲೋಗ್ರಾಮಿನಲ್ಲಿ ಸುಮಾರು 3,750 ಕಿಲೋಕ್ಯಾಲೊರಿ ಶಾಖ ಅಡಗಿದೆಯೆಂದು ಇಟ್ಟುಕೊಳ್ಳೋಣ. 25 ಡಿಗ್ರಿ ಉಷ್ಣತೆಯಲ್ಲಿರುವ 5 ಲೀಟರು ನೀರನ್ನು ಕುದಿಯುವ ಮಟ್ಟಕ್ಕೆ ತರಬೇಕು. ಇದಕ್ಕೆ ಬೇಕಾದ ಶಾಖ 5ನ್ನು 75ರಿಂದ ಗುಣಿಸಿದಷ್ಟು, ಎಂದರೆ 375 ಕಿಲೋಕ್ಯಾಲೊರಿ. ಸೌದೆಯ ಶಾಖವೆಲ್ಲ ನೀರಿಗೇ ಸೇರುವುದಾದರೆ 100 ಗ್ರಾಂ ಸೌದೆ ಸಾಕು! ಆದರೆ ನಮ್ಮ ಅಡುಗೆಮನೆಯಲ್ಲಿ ಸುಮಾರು ಒಂದು ಕಿಲೋಗ್ರಾಂ ಬೇಕಾಗುತ್ತದೆ. ಎಂದರೆ ಸಾಮಾನ್ಯ ಒಲೆಯ ದಕ್ಷತೆ ಶೇಕಡ 10ರ ಸುಮಾರಿನದು. ಉಳಿದ 90 ಪಾಲು ಎಲ್ಲಿ ಹೋಯಿತು?

ಮೂರು ದಾರಿಗಳಲ್ಲಿ ಅದು ಸೋರುತ್ತದೆ. ಮೊದಲನೆಯದಾಗಿ, ಬೆಂಕಿ ನಾಲ್ಕು ಕಡೆಯೂ ತೆರೆದಿರುವುದರಿಂದ ಬೇಕಾದುದಕ್ಕಿಂತ ಎಷ್ಟೋ ಹೆಚ್ಚು ಗಾಳಿ ಒಳನುಗ್ಗುತ್ತದೆ. ಹೀಗೆ ಬಂದ ತಣ್ಣನೆಯ ಗಾಳಿಯನ್ನು ಬಿಸಿಮಾಡಿ ಹೊರಗೆ ಕಳಿಸುವುದರಲ್ಲಿಯೇ ಶಾಖ ವ್ಯಯವಾಗುತ್ತದೆ. ಎರಡನೆಯದಾಗಿ, ಕಾದ ಸೌದೆಯಿಂದ ಹೊರಡುವ ಉರಿಯುವ ಅನಿಲಗಳು ಪೂರ್ತಿ ಉರಿಯುವ ಮೊದಲೇ ತಣ್ಣಗಾಗಿ ಹೊಗೆಯೂ ಮಸಿಯೂ ಆಗುತ್ತವೆ. ಹೊಗೆಯೆಂದರೆ ಉರಿಯದೆ ಉಳಿದ ಉರುವಲೇ ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಮೂರನೆಯದಾಗಿ, ಬಿಸಿ ಅನಿಲವು ಪಾತ್ರೆಯ ತಳವನ್ನು ಸೋಕಿ ಕ್ಷಣಮಾತ್ರದಲ್ಲಿ ಮೇಲಕ್ಕೆ ಹಾರಿಹೋಗುತ್ತದೆ. ಶಾಖವನ್ನು ಪಾತ್ರೆಗೆ ಒಪ್ಪಿಸಲು ಅದಕ್ಕೆ ಕಾಲಾವಕಾಶವೇ ದೊರೆಯುವುದಿಲ್ಲ.

ದೋಷಗಳು ತಿಳಿದ ಮೇಲೆ ಪರಿಹಾರವೂ ಹೊಳೆಯುತ್ತದೆ. ಕೆ. ಎಸ್. ಜಗದೀಶ್, ಎಸ್. ಎಸ್. ಲೋಕರಾಸ್ ಮೊದಲಾದವರು ರೂಪಿಸಿದ ‘ಅಸ್ತ್ರ ಒಲೆ’ ಈ ಮೂರು ಸೋರಿಕೆಗಳನ್ನೂ ತಡೆಯುವ ಪ್ರಯತ್ನ. ಬೆಂಕಿಯ ಗೂಡು ಮುಚ್ಚಿರುತ್ತದೆ. ಸೌದೆ ಜಾಲರಿಯ ಮೇಲೆ ಉರಿಯುವುದರಿಂದ ಕೆಳಗಿನಿಂದ ಹದವಾದ ಗಾಳಿ ದೊರೆಯುತ್ತದೆ. ಬಿಸಿ ಅನಿಲವು ಒಂದನೆಯ ಪಾತ್ರೆಯ ಅಡಿಯಿಂದ ಎರಡನೆಯದಕ್ಕೂ ಅಲ್ಲಿಂದ ಮೂರನೆಯದಕ್ಕೂ ಹರಿದು, ತನ್ನ ಶಾಖದ ಬಹುಪಾಲನ್ನು ಒಪ್ಪಿಸಿದ ಮೇಲೆಯೇ ಹೊಗೆಕೊಳವೆಯ ಮೂಲಕ ಮಾಡಿನಿಂದಾಚೆ ಹೋಗುತ್ತದೆ. ಪ್ರಯೋಗಶಾಲೆಯಲ್ಲಿ ಇದರ ದಕ್ಷತೆ ಶೇಕಡ 40ರ ಆಸುಪಾಸಿಗೆ ಏರಿತು. ಮೇಲಿನ ಲೆಕ್ಕದಂತೆ ಒಂದು ಕಿಲೋಗ್ರಾಂ ಸೌದೆ ಬೇಕಾಗಿದ್ದ ಕಡೆ 250 ಗ್ರಾಂ ಸಾಕೆಂದಾಯಿತು. ಅದಕ್ಕಿಂತ ಮಿಗಿಲಾಗಿ, ಅಡುಗೆಮನೆಯ ಹೊಗೆ ಹೊರಗೆ ಹೋಯಿತು.

ಹೊಗೆಯ ವಿಷಯವು ಕಣ್ಣುರಿಯ ಮಾತು ಮಾತ್ರವಲ್ಲ. ಮನೆಯೊಳಗಿನ ಹೊಗೆಯಿಂದ ಬರುವ ರೋಗಗಳಿಗೆ 2020ರ ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ ಸುಮಾರು 32 ಲಕ್ಷ ಜನ ಬಲಿಯಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಆದರೆ ಶಾಲೆಯ ಲೆಕ್ಕದಂತೆ ಬಾಳಿನ ಲೆಕ್ಕ ಸುಲಭವಲ್ಲ. ಈ ಒಲೆಯ ಗುಣವೆಲ್ಲ ಅದರ ಅಳತೆಗಳಲ್ಲಿದೆ. ಗೂಡಿನ ಎತ್ತರ, ಅನಿಲ ಹರಿಯುವ ಸಂದಿನ ಅಗಲ, ಪಾತ್ರೆ ಕೂರುವ ಬಾಯಿ, ಇವುಗಳಲ್ಲಿ ಒಂದೆರಡು ಬೆರಳಿನ ವ್ಯತ್ಯಾಸವಾದರೂ ದಕ್ಷತೆ ಇಳಿದುಹೋಗುತ್ತದೆ. ಕಣ್ಣಂದಾಜಿನಿಂದ ಕಟ್ಟಿದರೆ ಹೆಸರು ಮಾತ್ರ ಅಸ್ತ್ರ ಒಲೆ. ಗುಣ ಹಳೆಯ ಒಲೆಯದೇ. ಆದುದರಿಂದ ಒಲೆ ಕಟ್ಟುವವರಿಗೆ ತರಬೇತಿ ಕೊಡಬೇಕಾಯಿತು. ಮತ್ತೊಂದು ಕಡೆ, ರಾಗಿ ಉಣ್ಣುವ ಸೀಮೆಯಲ್ಲಿ ಮುದ್ದೆ ತೊಳಸುವಾಗ ಪಾತ್ರೆ ಅಲುಗಾಡಬಾರದು, ಒಲೆ ಕುಸಿಯಬಾರದು. ಇದನ್ನು ಹೇಳಬಲ್ಲವಳು ಮುದ್ದೆ ತೊಳಸುವ ತಾಯಿಯೇ ಹೊರತು ಉಷ್ಣಶಾಸ್ತ್ರದ ಅಧ್ಯಾಪಕನಲ್ಲ. ಹೀಗೆ ಒಲೆಗೆ ಇಬ್ಬರು ಗುರುಗಳು ಬೇಕು.

ಪುರದ ಪಾಠ

ಒಲೆಗಿಂತಲೂ ದೊಡ್ಡ ಪಾಠವನ್ನು ಕಲಿಸಿದ್ದು ಪುರದ ಗೊಬ್ಬರ ಅನಿಲದ ಸ್ಥಾವರ. ಸಗಣಿಯನ್ನು ನೀರಿನೊಡನೆ ಕಲಸಿ, ಗಾಳಿಯಾಡದ ತೊಟ್ಟಿಯಲ್ಲಿ ಇಟ್ಟರೆ ಆಮ್ಲಜನಕವಿಲ್ಲದೆ ಬದುಕಬಲ್ಲ ಸೂಕ್ಷ್ಮಜೀವಿಗಳು ಅದನ್ನು ಕೊಳೆಯಿಸುತ್ತವೆ. ಆಗ ಹುಟ್ಟುವ ಅನಿಲದಲ್ಲಿ ಸುಮಾರು ಶೇಕಡ 60 ಪಾಲು ಮೀಥೇನ್. ಉಳಿದದ್ದು ಬಹುಮಟ್ಟಿಗೆ ಇಂಗಾಲದ ಡೈಆಕ್ಸೈಡ್. ಮೀಥೇನ್ ಹೊಗೆಯಿಲ್ಲದೆ ಉರಿಯುತ್ತದೆ. ಸಗಣಿಯಲ್ಲಿದ್ದ ಸಾರಜನಕವು ತೊಟ್ಟಿಯಿಂದ ಹೊರಬರುವ ಬಗ್ಗಡದಲ್ಲಿ ಉಳಿಯುವುದರಿಂದ ಗೊಬ್ಬರವೂ ನಷ್ಟವಾಗುವುದಿಲ್ಲ. ಬೆರಣಿ ತಟ್ಟಿ ಸುಟ್ಟರೆ ಬೆಂಕಿ ದೊರೆತು ಗೊಬ್ಬರ ಹೋಗುತ್ತದೆ. ಇಲ್ಲಿ ಎರಡೂ ದಕ್ಕುತ್ತವೆ.

ಇಡೀ ಊರಿಗೆ ಸೇರಿದಂತೆ ಒಂದು ಸ್ಥಾವರವನ್ನು ಕಟ್ಟಿ ಎಲ್ಲ ಮನೆಗಳಿಗೂ ಅಡುಗೆಯ ಅನಿಲವನ್ನು ಒದಗಿಸಬೇಕೆಂಬುದು ವಿಜ್ಞಾನಿಗಳ ಮೊದಲ ಆಲೋಚನೆಯಾಗಿತ್ತು. ಸೌದೆಯೇ ಹತ್ತರಲ್ಲಿ ಒಂಬತ್ತು ಪಾಲೆಂದು ಅಳತೆ ಹೇಳಿದ ಮೇಲೆ ಇದು ತರ್ಕಕ್ಕೆ ಒಪ್ಪುವ ಆಲೋಚನೆಯೇ. ಆದರೆ ಅದು ಕೈಗೂಡಲಿಲ್ಲ. ಕಾರಣವನ್ನು ಒಂದು ಸ್ಥೂಲವಾದ ಲೆಕ್ಕದಿಂದ ತಿಳಿಯಬಹುದು.

ಒಂದು ಕಿಲೋಗ್ರಾಂ ಹಸಿ ಸಗಣಿಯಿಂದ ಸುಮಾರು 36 ಲೀಟರು ಅನಿಲ ಬರುತ್ತದೆ. ಒಬ್ಬನ ಒಂದು ದಿನದ ಅಡುಗೆಗೆ ಸುಮಾರು 250 ಲೀಟರು ಬೇಕೆಂದರೆ 7 ಕಿಲೋಗ್ರಾಂ ಸಗಣಿ ಬೇಕಾಯಿತು. ಆರು ಜನರ ಸಂಸಾರಕ್ಕೆ 42 ಕಿಲೋಗ್ರಾಂ. ದನಗಳು ಹಗಲೆಲ್ಲ ಹೊರಗೆ ಮೇಯುತ್ತವೆ. ರಾತ್ರಿ ಕೊಟ್ಟಿಗೆಯಲ್ಲಿ ದೊರೆಯುವುದು ದನವೊಂದಕ್ಕೆ 7 ಕಿಲೋಗ್ರಾಂ ಎನ್ನೋಣ. ಆಗ ಸಂಸಾರವೊಂದಕ್ಕೆ ಆರು ದನಗಳು ಬೇಕು. ಒಂದು ಜೊತೆ ಎತ್ತು, ಒಂದು ಹಸು ಇರುವ ಮನೆಗೆ ಬೇಕಾದುದರಲ್ಲಿ ಅರ್ಧವೇ ದೊರೆಯುತ್ತದೆ. ದನವಿಲ್ಲದ ಬಡವನ ಮಾತಂತೂ ಹೇಳಬೇಕಾದುದೇ ಇಲ್ಲ. ಪುರದಲ್ಲಿಯೂ ಊರಿನ ಸಗಣಿ ಎಲ್ಲರ ಅಡುಗೆಗೆ ಸಾಲದಾಯಿತು.

ಇಲ್ಲಿಗೆ ಕೈಬಿಟ್ಟಿದ್ದರೆ ಇದು ಸೋತ ಪ್ರಯೋಗಗಳ ಪಟ್ಟಿಗೆ ಸೇರುತ್ತಿತ್ತು. ಆದರೆ ಊರಿನ ಜನ ಬೇರೆಯ ಮಾತನ್ನು ಆಡಿದರು. ಅವರಿಗೆ ಎಲ್ಲಕ್ಕಿಂತ ಮುಂಚಿತವಾಗಿ ಬೇಕಾದುದು ಶುದ್ಧವಾದ ಕುಡಿಯುವ ನೀರು. ಸೌದೆಯನ್ನಾದರೂ ಆಯ್ದು ತರಬಹುದು. ಹಾಗಾದರೆ ಅನಿಲದಿಂದ ಇಂಜಿನನ್ನು ನಡೆಯಿಸಿ, ವಿದ್ಯುತ್ತನ್ನು ಪಡೆದು, ಅದರಿಂದ ಕೊಳವೆಬಾವಿಯ ನೀರನ್ನು ಎತ್ತಿ ನಲ್ಲಿಗಳ ಮೂಲಕ ಕೊಟ್ಟರೆ ಹೇಗೆ? ಹಾಗೆಯೇ ಮನೆಗಳಿಗೆ ದೀಪವನ್ನೂ ಕೊಟ್ಟರೆ?

ಮತ್ತೆ ಲೆಕ್ಕ ಮಾಡಿ ನೋಡೋಣ. ಇಂಥ ಸಣ್ಣ ಇಂಜಿನ್ನಿನಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 600 ಲೀಟರು ಅನಿಲ ಬೇಕೆಂದು ಇಟ್ಟುಕೊಳ್ಳಿ. 40 ವಾಟಿನ ದೀಪವನ್ನು ನಾಲ್ಕು ಗಂಟೆ ಉರಿಸಲು 0.16 ಯೂನಿಟ್ ಸಾಕು. ಅನಿಲ 96 ಲೀಟರು. ಸಗಣಿ 3 ಕಿಲೋಗ್ರಾಮಿಗಿಂತ ಕಡಮೆ. ಸಂಸಾರವೊಂದಕ್ಕೆ 200 ಲೀಟರು ನೀರನ್ನು 40 ಮೀಟರು ಆಳದಿಂದ ಎತ್ತಲು, ಪಂಪಿನ ನಷ್ಟವನ್ನು ಸೇರಿಸಿದರೂ, ಒಂದು ಕಿಲೋಗ್ರಾಂ ಸಗಣಿ ಸಾಕಾಗುತ್ತದೆ! ಅಡುಗೆಗೆ 42 ಕಿಲೋಗ್ರಾಂ ಬೇಕಾಗಿದ್ದ ಮನೆಗೆ ದೀಪಕ್ಕೂ ನೀರಿಗೂ ಸೇರಿ 4 ಕಿಲೋಗ್ರಾಂ. ದನವೊಂದರ ಒಂದು ರಾತ್ರಿಯ ಸಗಣಿಯಲ್ಲಿ ಇನ್ನೂ ಮಿಗುತ್ತದೆ. ಅಡುಗೆಗೆ ಸಾಲದ ಸಗಣಿ ನೀರಿಗೂ ಬೆಳಕಿಗೂ ಧಾರಾಳವಾಗಿತ್ತು. ಜನರ ಬಯಕೆಯೂ ಶಕ್ತಿಶಾಸ್ತ್ರದ ಲೆಕ್ಕವೂ ಇಲ್ಲಿ ಒಂದೇ ಕಡೆಗೆ ಬೊಟ್ಟುಮಾಡಿದವು.

1987ರಿಂದ ಪುರದ ಸ್ಥಾವರವು ಈ ಬಗೆಯಲ್ಲಿ ಕೆಲಸಮಾಡತೊಡಗಿತು. ಡೀಸೆಲ್ ಇಂಜಿನ್ನಿಗೆ ಗಾಳಿಯೊಡನೆ ಗೊಬ್ಬರ ಅನಿಲವನ್ನು ಬೆರೆಸಿ ಕೊಡಲಾಗುತ್ತಿತ್ತು. ಒತ್ತಡದಿಂದ ಮಾತ್ರ ಮೀಥೇನ್ ಹೊತ್ತಿಕೊಳ್ಳದುದರಿಂದ ಕಿಡಿಯ ಸ್ಥಾನದಲ್ಲಿ ಸ್ವಲ್ಪ ಡೀಸೆಲ್ ಬೇಕಾಗುತ್ತಿತ್ತು. ಊರಿನ ಯುವಕರೇ ಅದನ್ನು ನಡೆಸಲು ಕಲಿತರು. ಸಗಣಿ ತಂದುಕೊಟ್ಟವರಿಗೆ ಕಿಲೋಗ್ರಾಮಿಗೆ ಎರಡು ಪೈಸೆಯಂತೆ ಕೂಲಿ, ಜೊತೆಗೆ ಅವರ ಪಾಲಿನ ಬಗ್ಗಡ ಮರಳಿ ಅವರಿಗೇ. ತಂದುಕೊಡುತ್ತಿದ್ದವರು ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳಾದುದರಿಂದ ಆ ಪೈಸೆಗಳು ಅವರ ಕೈಗೇ ಸೇರುತ್ತಿದ್ದವು. ಸುಮಾರು ಒಂದು ದಶಕದ ಕಾಲ ಈ ವ್ಯವಸ್ಥೆ ನಡೆದು ನಿಂತಿತು. ಯಾವುದು ಫಲಿಸಿತು, ಯಾವುದು ಫಲಿಸಲಿಲ್ಲ ಎಂಬುದನ್ನು ರೆಡ್ಡಿಯವರು ಮುಂದೆ 2004ರಲ್ಲಿ ಮುಚ್ಚುಮರೆಯಿಲ್ಲದೆ ಬರೆದು ಪ್ರಕಟಿಸಿದರು. ತನ್ನ ಪ್ರಯೋಗದ ಸೋಲನ್ನೂ ಗೆಲವಿನಷ್ಟೇ ಎಚ್ಚರದಿಂದ ದಾಖಲೆಮಾಡುವುದು ವಿಜ್ಞಾನಿಯ ಧರ್ಮ. ಸೇವೆಯ ಕೆಲಸದಲ್ಲಿ ಈ ಧರ್ಮವನ್ನು ಮರೆಯುವವರೇ ಹೆಚ್ಚು.

ಅಸ್ತ್ರದ ಕೆಲಸ ಇಷ್ಟಕ್ಕೇ ಮುಗಿಯಲಿಲ್ಲ. ಮಣ್ಣಿಗೆ ನೂರಕ್ಕೆ ಏಳರಷ್ಟು ಸಿಮೆಂಟನ್ನು ಬೆರೆಸಿ, ಕೈಯಂತ್ರದಿಂದ ಒತ್ತಿ, ಸುಡದೆ ಗಟ್ಟಿಯಾದ ಇಟ್ಟಿಗೆಗಳನ್ನು ಮಾಡುವ ವಿಧಾನವನ್ನು ಅಲ್ಲಿ ಬೆಳೆಸಿದರು. ಇಟ್ಟಿಗೆಯ ಗೂಡಿನಲ್ಲಿ ಉರಿಯುವ ಸೌದೆ ಇದರಿಂದ ಉಳಿಯುತ್ತದೆ. ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಲ್ಲಿ ಸೌದೆಯನ್ನೇ ಅನಿಲವಾಗಿ ಪರಿವರ್ತಿಸಿ ವಿದ್ಯುತ್ತನ್ನು ಪಡೆಯುವ ಸ್ಥಾವರ ಆರಂಭವಾಯಿತು. ಆ ಘಟಕವೇ ಬೆಳೆದು ಇಂದು ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವೆಂಬ ಹೆಸರಿನಿಂದ ಅದೇ ಸಂಸ್ಥೆಯಲ್ಲಿದೆ. ರೆಡ್ಡಿಯವರು 2006ರಲ್ಲಿ ತೀರಿಕೊಂಡರು.

ಬೇರೆ ದಾರಿಗಳು

ಒಂದೇ ಬಗೆಯ ವೃತ್ತಿಯವರು ಮಾತ್ರ ಈ ಕೆಲಸಕ್ಕೆ ತಕ್ಕವರೆಂದು ತಿಳಿಯಬಾರದು. ದಾವಣಗೆರೆಯ ಹೆಸರಿನೊಡನೆ ಬೆರೆತುಹೋದ ಕಣ್ಣಿನ ವೈದ್ಯ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಉಚಿತ ನೇತ್ರ ಶಿಬಿರಗಳನ್ನು ನಡೆಸಿದರು. ಕಣ್ಣಿನ ಮಸೂರದ ಪ್ರೋಟೀನುಗಳು ಮುಪ್ಪಿನಲ್ಲಿ ಪಾರದರ್ಶಕತೆಯನ್ನು ಕಳೆದುಕೊಂಡಾಗ ಪೊರೆ ಬರುತ್ತದೆ. ಅದು ಶಸ್ತ್ರಕ್ರಿಯೆಯಿಂದ ಹೋಗುವ ಕುರುಡು. ಆದರೆ ಆಸ್ಪತ್ರೆ ದೂರವಿದ್ದವನಿಗೆ ಅದು ಹಣೆಬರಹವಾಗಿತ್ತು. ಆಸ್ಪತ್ರೆಯೇ ರೋಗಿಯ ಬಳಿಗೆ ಬಂದಾಗ ಹಣೆಬರಹ ಬದಲಾಯಿತು. ಅವರಿಗೆ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಸಂದವು. ಡಾ. ಎಚ್. ಸುದರ್ಶನ್ ಅವರು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ನೆಲಸಿ, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಮಕ್ಕಳಿಗಾಗಿ 1978ರಲ್ಲಿ ಆರಂಭವಾದ ‘ಬಾಲವಿಜ್ಞಾನ’ ಮಾಸಪತ್ರಿಕೆಯ ಹಿಂದೆ ಕಾಲೇಜು ಅಧ್ಯಾಪಕರ ಬಿಡುವಿನ ವೇಳೆಯ ದುಡಿಮೆಯಿತ್ತು.

ವಿದ್ಯೆಯು ಪಟ್ಟಣದಿಂದ ಹಳ್ಳಿಗೆ ಮಾತ್ರ ಹರಿಯುತ್ತದೆ ಎಂಬುದೂ ಸರಿಯಲ್ಲ. ಕಾಸರಗೋಡಿನ ಗಡಿಸೀಮೆಯ ಲೇಖಕ ಶ್ರೀ ಪಡ್ರೆಯವರ ಸಂಪಾದಕತ್ವದಲ್ಲಿ 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ಯು ಕೃಷಿಕರ ಕೈಗೇ ಲೇಖನಿಯನ್ನು ಕೊಟ್ಟಿತು. ತೋಟದಲ್ಲಿ ಕಂಡುಕೊಂಡದ್ದನ್ನು, ಮಳೆನೀರನ್ನು ಇಂಗಿಸಿದ ಬಗೆಯನ್ನು ಒಬ್ಬ ಕೃಷಿಕ ಬರೆದರೆ ಸಾವಿರ ಕೃಷಿಕರು ಓದಿದರು.

ಈ ಸೇವೆಯ ಕಟ್ಟಳೆಗಳು

ಮೇಲಿನ ಉದಾಹರಣೆಗಳಿಂದ ಕೆಲವು ಕಟ್ಟಳೆಗಳನ್ನು ಹೆಕ್ಕಿ ತೆಗೆಯಬಹುದು. ಒಂದನೆಯದು, ಕೊಡುವುದು ಉಳಿಕೆಯ ವೇಳೆಯಾಗಿರಬಹುದು. ಆದರೆ ಉಳಿಕೆಯ ಬುದ್ಧಿಯಾಗಿರಬಾರದು. ಹಣ ತೆಗೆದುಕೊಂಡು ಮಾಡುವ ಸೇತುವೆಯ ನಕ್ಷೆಗೆ ಎಷ್ಟು ಎಚ್ಚರವೋ ಹಳ್ಳಿಯ ಒಲೆಗೂ ಅಷ್ಟೇ ಎಚ್ಚರ ಬೇಕು. ಉಚಿತವಾದುದರಿಂದ ದೋಷವನ್ನು ಕ್ಷಮಿಸಬೇಕೆಂದು ಕೇಳುವ ಹಕ್ಕು ಯಾರಿಗೂ ಇಲ್ಲ. ಏಕೆಂದರೆ ತಪ್ಪಿನ ಫಲವನ್ನು ಉಣ್ಣುವವನು ಕೊಟ್ಟವನಲ್ಲ, ಪಡೆದವನು.

ಎರಡನೆಯದು, ತಾನು ಬಲ್ಲುದನ್ನು ಕೊಡಬೇಕು. ಎಲುಬಿನ ವೈದ್ಯನು ಒಂದು ದಿನ ಗುದ್ದಲಿ ಹಿಡಿದು ಹೂಳೆತ್ತಿದರೆ ಅದು ಒಳ್ಳೆಯ ಕೆಲಸವೇ. ಆದರೆ ಆ ಕೆಲಸವನ್ನು ಅವನಿಗಿಂತ ಚೆನ್ನಾಗಿ ಮಾಡಬಲ್ಲವರು ಊರಿನಲ್ಲಿ ನೂರು ಜನರಿದ್ದಾರೆ. ಅದೇ ದಿನ ಆ ನೂರು ಜನರ ಮಂಡಿನೋವನ್ನು ಪರೀಕ್ಷಿಸಿದ್ದರೆ ಹೆಚ್ಚಿನ ಉಪಕಾರವಾಗುತ್ತಿತ್ತು.

ಮೂರನೆಯದು, ತಾನು ಹೊರಟುಹೋದ ಮೇಲೆ ಯಾರು ನಡೆಸುತ್ತಾರೆಂಬುದನ್ನು ಮೊದಲ ದಿನವೇ ಕೇಳಿಕೊಳ್ಳಬೇಕು. ಬಿಡಿಭಾಗ ದೊರೆಯದ ಯಂತ್ರ, ದುರಸ್ತಿ ಬಲ್ಲವನಿಲ್ಲದ ಪಂಪು, ಖರ್ಚನ್ನು ಹೊರುವವನಿಲ್ಲದ ಕಟ್ಟಡ, ಇವು ಊರಿನ ಮೇಲೆ ಹೊರಿಸಿದ ಹೊರೆಗಳು. ನಮ್ಮ ಹಿರಿಯರು ಕೆರೆ ಕಟ್ಟಿದ ಮೇಲೆ ತೂಬನ್ನು ನೋಡಿಕೊಳ್ಳಲು ನೀರಗಂಟಿಯನ್ನು ನೇಮಿಸುತ್ತಿದ್ದರು. ಅವನಿಗೆ ಬೆಳೆಯಲ್ಲಿ ಪಾಲಿತ್ತು. ನೀರಗಂಟಿಯಿಲ್ಲದ ಕೆರೆಯೂ ನಡೆಸುವವನಿಲ್ಲದ ಯೋಜನೆಯೂ ಒಂದೇ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು. ಪುರದಲ್ಲಿ ವಿಜ್ಞಾನಿಗಳ ಅಳತೆ ಸುಳ್ಳಾಗಿರಲಿಲ್ಲ. ಸೌದೆಯ ಪಾಲು ಅವರು ಹೇಳಿದಷ್ಟೇ ಇತ್ತು. ಆದರೆ ‘ಯಾವುದು ಹೆಚ್ಚು’ ಎಂಬುದು ಅಳತೆಯ ಪ್ರಶ್ನೆ; ‘ಯಾವುದು ಮೊದಲು’ ಎಂಬುದು ಬಾಳುವವರ ಪ್ರಶ್ನೆ. ಮೊದಲನೆಯದಕ್ಕೆ ತಕ್ಕಡಿ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಊರಿನವರೇ ಕೊಡಬೇಕು. ಅವರು ಕೊಟ್ಟ ಉತ್ತರವನ್ನು ಕೇಳಿ ತಮ್ಮ ಯೋಜನೆಯನ್ನು ತಿರುಗಿಸುವಷ್ಟು ವಿನಯ ಇದ್ದುದರಿಂದಲೇ ಆ ಸ್ಥಾವರ ನಡೆಯಿತು.

ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ

ಪದವಿ ದೊರೆತ ಮೇಲೆ, ಕೆಲಸ ಸಿಕ್ಕಿದ ಮೇಲೆ, ಬಿಡುವಾದ ಮೇಲೆ ಎಂದು ಕಾಯಬೇಕಾದುದಿಲ್ಲ. ಈಗ ಅನೇಕ ಮನೆಗಳಲ್ಲಿ ಅಡುಗೆಗೆ ಸಿಲಿಂಡರಿನ ಅನಿಲ ಬಂದಿದೆ. ಆದರೂ ಮಲೆನಾಡಿನ ಸೆರಗಿನ ಊರುಗಳಲ್ಲಿ ಸ್ನಾನದ ನೀರು ಕಾಯುವುದು ಇನ್ನೂ ಹಂಡೆಯ ಒಲೆಯಲ್ಲಿ. ನಿಮ್ಮ ಮನೆಯ ಅಥವಾ ನೆರೆಮನೆಯ ಹಂಡೆಗೆ ಎಷ್ಟು ಲೀಟರು ನೀರು ಹಿಡಿಯುತ್ತದೆ ಎಂಬುದನ್ನು ಕೊಡದಿಂದ ಅಳೆಯಿರಿ. ನೀರಿನ ಉಷ್ಣತೆಯನ್ನು ಮೊದಲೂ ಕೊನೆಯೂ ಉಷ್ಣಮಾಪಕದಿಂದ ನೋಡಿ. ಒಲೆಗೆ ಹಾಕುವ ಸೌದೆಯನ್ನು ತೂಗಿ, ಉಳಿದುದನ್ನೂ ತೂಗಿ ಕಳೆಯಿರಿ. ಮೇಲೆ ಹೇಳಿದ ಲೆಕ್ಕದಿಂದ ದಕ್ಷತೆಯನ್ನು ಕಂಡುಹಿಡಿಯಿರಿ. ಒಂದೇ ದಿನದ ಅಳತೆಯನ್ನು ನಂಬದೆ ಏಳು ದಿನ ಅಳೆದು ಸರಾಸರಿಯನ್ನು ತೆಗೆಯಿರಿ. ಆಮೇಲೆ ಒಲೆಯ ಬಾಯನ್ನು ಕಿರಿದು ಮಾಡಿ, ಹಂಡೆಯ ಮೇಲೆ ಮುಚ್ಚಳವಿಟ್ಟು ಮತ್ತೆ ಏಳು ದಿನ ನೋಡಿ. ವ್ಯತ್ಯಾಸವೆಷ್ಟು ಎಂಬುದನ್ನು ಬರೆದಿಡಿ.

ಈ ಕೆಲಸದಲ್ಲಿ ಒಂದು ಎಚ್ಚರಿಕೆ. ಲೆಕ್ಕ ಮುಗಿದ ಕೂಡಲೆ ತಾಯಿಗೆ ಬೋಧನೆ ಮಾಡಲು ಹೊರಡಬೇಡಿ. ಒಲೆ ಉರಿಸುವುದರಲ್ಲಿ ಅವರಿಗೆ ಯಾವುದು ಕಷ್ಟವೆಂದು ಮೊದಲು ಕೇಳಿ. ಸೌದೆಯ ಉಳಿತಾಯ ನಿಮಗೆ ದೊಡ್ಡದಾಗಿ ಕಂಡರೂ, ಅವರಿಗೆ ಹೊಗೆಯೋ ಹಸಿ ಪುಳ್ಳೆಯೋ ಮುಂಜಾನೆಯ ಹೊತ್ತಿನ ಅವಸರವೋ ದೊಡ್ಡದಾಗಿರಬಹುದು. ಆ ಉತ್ತರವೇ ನಿಮ್ಮ ಸಂಶೋಧನೆಯ ನಿಜವಾದ ಆರಂಭ.

ಸವಳಂಗದ ಕೆರೆಯ ಏರಿಗೆ ಮರಳಿ ಬರೋಣ. ಅದನ್ನು ಕಟ್ಟಿದ ಕಾಲದಲ್ಲಿ ಮಟ್ಟವನ್ನು ನೋಡಿದವನಿಗೆ ಮಣ್ಣು ಹೊತ್ತವರು ಬೇಕಾಗಿದ್ದರು. ಮಣ್ಣು ಹೊತ್ತವರಿಗೆ ಮಟ್ಟವನ್ನು ನೋಡುವವನು ಬೇಕಾಗಿದ್ದನು. ನೀರ ಮೇಲೆ ಇಬ್ಬರಿಗೂ ಸಮನಾದ ಹಕ್ಕು. ನಮ್ಮ ವಿದ್ಯೆಯಾದರೂ ನಾವು ಒಬ್ಬರೇ ಗಳಿಸಿದ್ದಲ್ಲ. ಶಾಲೆಯ ಕಟ್ಟಡಕ್ಕೆ, ಪ್ರಯೋಗಶಾಲೆಯ ಗಾಜಿನ ನಳಿಗೆಗೆ, ಪುಸ್ತಕ ಭಂಡಾರದ ಕಪಾಟಿಗೆ ಕಾಣದ ಎಷ್ಟೋ ಜನರ ದುಡಿಮೆ ಸೇರಿದೆ. ಪುಳ್ಳೆಯ ಹೊರೆ ಹೊತ್ತವಳು ಕೊಂಡ ಬೆಂಕಿಪೊಟ್ಟಣದ ಮೇಲಿನ ತೆರಿಗೆಯೂ ಸೇರಿದೆ. ಅವರು ನಮ್ಮ ಗದ್ದೆಗೆ ಆಗಲೇ ಬಂದು ನಾಟಿ ಮಾಡಿ ಹೋಗಿದ್ದಾರೆ. ಈಗ ಅವರ ಗದ್ದೆಗೆ ಹೋಗಬೇಕಾದುದು ನಮ್ಮ ಸರದಿ. ಇದು ದಾನವಲ್ಲ, ಮುಯ್ಯಿ.